ಕಂಬದ ಹಿಂದೆ ಆಡಿದ ಮಾತು

ಹತ್ತಿರ ಬಾರೇ, ಮೆಲ್ಲಗೆ ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡ. ತುರುವೇಕೆರೆಯ ಹಳೇ ಕಲ್ಲುಗುಡೀಲಿ ಪಕ್ಕದ್ಮನೆ ಗೌರಿ ಮಗಳ ಮದುವೆ. ಕೆಳಗೆ ವಾಲಗ, ಮೇಲೆ ಗುಂಯ್ ಅನ್ನೋ ಡ್ರೋನು! ಗಂಡ ಸತ್ತ ಗೌರಿ ತಾನೇ ಮಗಳು-ಅಳಿಯನ ಕೈಲಿದ್ದ ತೆಂಗಿನಕಾಯಿ ಮೇಲೆ ಹಾಲು ಹುಯ್ದು ಧಾರೆ ಎರೆದಳು ಕಣೇ! ಮಗಳದೇ ಹಟವಂತೆ.

ನಾನೂ ಗಂಡನಿಲ್ಲದೋಳು. ನನ್ನ ಮಗಳ ಧಾರೆ ಹೊತ್ನಲ್ಲಿ ಕಂಬದ ಹಿಂದೆ ಕೂತಿದ್ದೆ. ಇಲ್ಲೂ ಅಭ್ಯಾಸಬಲದಿಂದ ಒಂದು ಕಂಬದ ಹಿಂದೇನೇ ಕೂತು ತಂಗಿ ಕಿವೀಲಿ, "ನಮಗಿಲ್ಲದ ಭಾಗ್ಯ ಇವಳಿಗ್ಯಾಕೇ? ನಾಚಿಕೆ ಬ್ಯಾಡ್ವಾ?" ಅಂದೆ. ಮೈಕ್‌ಸೆಟ್ಟಿನೋನು ಆ ಕಂಬಕ್ಕೇ ಮೈಕು ಕಟ್ಟಿದ್ದನಂತೆ! ನನ್ನ ಮಾತು ಗುಡಿ ತುಂಬಾ ಮೊಳಗ್ತು.

ಗೌರಿ ನೆಟ್ಟಗೆ ನನ್ನೆದುರಿಗೇ ಬಂದು ನಿಂತು ಅಂದಳು: "ಅಕ್ಕಾ, ನಿನ್ನ ಮೊಮ್ಮಗಳ ಮದುವೇಲಾದ್ರೂ ಮುಂದೆ ಬಂದು ಕೂತ್ಕೊ. ಕಂಬದ ಹಿಂದೆ ಮೈಕಿರ್ತದೆ."