ಎಡೆಗೆ ಇಡದ ಕೊಬ್ಬರಿ ಮಿಠಾಯಿ

ನೆನೆದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಇನ್ನೊಂದು ಕಡೆ. ಅರ್ಧ ಮುಗಿದಿತ್ತು, ಫೋನ್ ಬಂತು. ನನ್ನ ಕೈ ಒದ್ದೆಯಾಗಿದ್ದರಿಂದ ನಮ್ಮ ಯಜಮಾನರು ಎತ್ತಿ ಕಿವಿಗೆ ಹಿಡಿದರು. ಮಾದಿಹಳ್ಳಿಯಿಂದ ಅಣ್ಣ.

"ಅವ್ವ ಹೋಗ್ಬಿಟ್ಲು ಕಣಮ್ಮ. ಬಾ."

ಪಾತ್ರೆಯನ್ನು ನೀರಿನ ಸಮೇತ ಫ್ರಿಜ್ಜಿಗೆ ತಳ್ಳಿ ಹೊರಟೆವು. ಮಣ್ಣು ಮಾಡುವ ಮುಂಚೆ ಅವಳ ಮುಖ ನೋಡಲು ಸಿಕ್ಕಿತು. ಅದಕ್ಕೆ ದೇವರಿಗೆ ಸ್ತೋತ್ರ. ಎಷ್ಟೋ ಹೆಣ್ಣುಮಕ್ಕಳಿಗೆ ಅದೂ ಸಿಗುವುದಿಲ್ಲ.

ನಾನು ಆ ಮನೆಯಲ್ಲೇ ಹುಟ್ಟಿ ಬೆಳೆದವಳು. ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡು, ಸಭೆಯವರು ನೋಡಿದ ಅರಸೀಕೆರೆಯ ಹುಡುಗನನ್ನು ಮದುವೆಯಾದೆ. ಅಪ್ಪ ಎರಡು ವರ್ಷ ಮಾತು ಬಿಟ್ಟಿದ್ದರು. ಆಮೇಲೆ ಮೊಮ್ಮಗಳನ್ನು ನೋಡಲು ತಾವೇ ಬಂದರು.

ಆ ಅಪ್ಪ ತೀರಿಕೊಂಡಾಗ ನಾನು ಒಂದು ತಪ್ಪು ಮಾಡಿದ್ದೆ. ನಮ್ಮ ಕಡೆ ಮೂರನೆಯ ದಿನ ಹಾಲುತುಪ್ಪ. ಸಮಾಧಿಯ ಮೇಲೆ ಹಾಲು, ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಎಡೆ ಇಟ್ಟು ಕೈ ಮುಗಿಯುತ್ತಾರೆ. ಮನೆಗೆ ಬಂದು ಫೋಟೋ ಮುಂದೆಯೂ ಎಡೆ ಇಡುತ್ತಾರೆ. ಆಮೇಲೆ ಎಲ್ಲರಿಗೂ ಅದೇ ಊಟ. ನಂಬಿಕೆಯಿಲ್ಲದೆ, ನಾಲ್ಕು ಜನ ಏನಂದಾರೋ ಎಂಬ ಅಂಜಿಕೆಗೆ ನಾನೂ ಅಂದು ಹಾಲು ಬಿಟ್ಟೆ. ಅಂಥ ಹಾಲು ಅಪ್ಪನಿಗೂ ಮರ್ಯಾದೆಯಲ್ಲ, ನನ್ನ ಕರ್ತನಿಗೂ ಅಲ್ಲ. ಬಹಳ ದಿನ ಪ್ರಾರ್ಥನೆಗೆ ಕೂತರೆ ಆ ಲೋಟವೇ ಕಣ್ಣ ಮುಂದೆ ಬರುತ್ತಿತ್ತು.

ಇನ್ನು ಮಾಡುವುದಿಲ್ಲ ಎಂದು ಅವ್ವನಿಗೆ ಆಗಲೇ ಹೇಳಿದ್ದೆ.

"ಹಂಗಾರೆ ನನ್ನ ಹಾಲುತುಪ್ಪಕ್ಕೆ ಬರಾಕಿಲ್ವೇನೇ?" ಎಂದು ಕೇಳಿದ್ದಳು.

"ಬರ್ತೀನವ್ವ. ಬಂದು ಪಾತ್ರೆ ತೊಳೀತೀನಿ."

"ತೊಳಿ ತೊಳಿ. ನಿಮ್ಮತ್ತಿಗೆ ತೊಳೆದ್ರೆ ತಳದಲ್ಲಿ ಮಸಿ ಹಂಗೇ ಇರ್ತೈತೆ" ಎಂದು ನಕ್ಕಿದ್ದಳು.

ಮಣ್ಣು ಮುಗಿಸಿ ಅಂದು ರಾತ್ರಿಯೇ ಅರಸೀಕೆರೆಗೆ ವಾಪಸ್ ಬಂದಿದ್ದೆವು. ಮೂರನೆಯ ದಿನ ನಮ್ಮವರಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೊರಟೆ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಕಾಲು ಕೆಜಿ ಕೊಬ್ಬರಿ ಮಿಠಾಯಿ ಕಟ್ಟಿಸಿಕೊಂಡೆ. ಅವ್ವನ ಬಾಯಿಗೆ ಅದು ಬಹಳ ಹಿಡಿಸುತ್ತಿತ್ತು, ಊರಿಗೆ ಹೋಗುವಾಗಲೆಲ್ಲ ಒಯ್ಯುತ್ತಿದ್ದೆ. ಬಸ್ ಜಾವಗಲ್ ದಾಟಿದ ಮೇಲೆ ಮಡಿಲಲ್ಲಿದ್ದ ಪೊಟ್ಟಣ ನೋಡಿದೆ. ತಿನ್ನುವವಳು ಇಲ್ಲ ಎಂಬುದು ಆಗ ನೆನಪಾಯಿತು. ಮುಖ ಕಿಟಕಿ ಕಡೆ ತಿರುಗಿಸಿಕೊಂಡು ಕೂತೆ.

ಮನೆಯಲ್ಲಿ ಎಡೆಯ ಎಲೆಗಳು ಸಿದ್ಧವಾಗುತ್ತಿದ್ದವು. ಅವ್ವನ ತಂಗಿ, ನಮ್ಮ ಚಿಕ್ಕವ್ವ, ನನ್ನ ಚೀಲದಲ್ಲಿದ್ದ ಪೊಟ್ಟಣ ನೋಡಿಯೇಬಿಟ್ಟರು.

"ಮಗಳು ಅಂದ್ರೆ ಮಗಳೇ ಕಣ್ರೇ. ಎಡೆಗೆ ಮಿಠಾಯಿ ತಂದವ್ಳೆ, ನೋಡ್ರಿ."

ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಚಿಕ್ಕವ್ವನೇ ಇಡುತ್ತಿದ್ದರು, ನನ್ನ ಕೈ ಸೋಕುತ್ತಲೂ ಇರಲಿಲ್ಲ. ಆ ಒಂದು ಗಳಿಗೆ ಸುಮ್ಮನೇ ಇದ್ದೆ ಕೂಡ. ಆಮೇಲೆ, "ಎಡೆಗಲ್ಲ ಚಿಕ್ಕವ್ವ" ಎಂದೆ.

ಅಣ್ಣ ತಿರುಗಿದ. "ಮತ್ತೆ ಯಾರಿಗೆ ತಂದೆ?"

"ಯಾವಾಗ್ಲೂ ತರೋ ಹಂಗೆ ತಂದ್ಬಿಟ್ಟೆ ಅಣ್ಣ. ಗೊತ್ತಾಗ್ಲಿಲ್ಲ."

"ಅವ್ವಂಗೆ ಅಂತ್ಲೇ ತಂದು ಅವ್ವಂಗೇ ಇಲ್ಲ ಅಂತೀಯ. ಒಂದು ತುಂಡು ಎಲೆ ಮೇಲಿಟ್ರೆ ನಿನ್ನ ದೇವ್ರು ಏನ್ ಕಳ್ಕತಾನೆ?"

"ಅವನೇನೂ ಕಳ್ಕೊಳಲ್ಲ. ಅವ್ವ ಇದ್ದಾಗ ಕೈಗೇ ಕೊಟ್ಟಿದ್ದೀನಿ. ಈಗ ಬಂದು ತಿಂತಾಳೆ ಅಂತ ನಂಬ್ದೆ ಇಟ್ರೆ ಸುಳ್ಳಾಗುತ್ತೆ. ಅಪ್ಪನ ಮುಂದೆ ಒಂದ್ಸಲ ಸುಳ್ಳಾಡಿದ್ದೀನಿ, ಸಾಕು."

ಅಣ್ಣ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಹಂಗಾರೆ ಇನ್ಮೇಲೆ ಈ ಮನೆಯಿಂದ ಕರೀತಾರೆ ಅಂತ ಕಾಯ್ಬೇಡ" ಎಂದು ಹಾಲಿನ ಚೊಂಬು ಎತ್ತಿಕೊಂಡು ಹೊರಟ. ಎಲ್ಲರೂ ಅವನ ಹಿಂದೆ ಹೋದರು.

ನಾನು ಹಿತ್ತಲಿಗೆ ಹೋಗಿ ಪಾತ್ರೆಗೆ ಕೂತೆ. ತಳದ ಮಸಿಯನ್ನು ಬೂದಿ ಹಾಕಿ ಉಜ್ಜಿದೆ. ಅವ್ವ ಈಗ ಎಲ್ಲಿದ್ದಾಳೆಂದು ಹೇಳುವ ಅಧಿಕಾರ ನನಗಿಲ್ಲ. ಮಂಡಿ ನೋವೆಂದಾಗ ನಾನು ಪ್ರಾರ್ಥಿಸಿದರೆ, "ಕಣ್ಣಿಗೂ ಸೇರಿಸಿ ಹೇಳೇ" ಎನ್ನುತ್ತಿದ್ದಳು. ಅವಳನ್ನು ಉಂಟುಮಾಡಿದವನ ಕೈಗೇ ಬಿಟ್ಟೆ.

ಅವರು ಬಂದರು, ಫೋಟೋ ಮುಂದೆ ಎಡೆ ಆಯಿತು, ಪಂಕ್ತಿ ಕೂತಿತು. ಎಡೆಯ ಊಟ ನಾನು ಮಾಡುವುದಿಲ್ಲ. ಹೊರಡಲೆಂದು ಚೀಲ ಹುಡುಕುತ್ತಿದ್ದಾಗ ಅತ್ತಿಗೆ ತಟ್ಟೆ ಹಿಡಿದು ಹಿತ್ತಲಿಗೆ ಬಂದರು.

"ಎತ್ಲಾಗೆ ಹೊಂಟೆ? ಕೂತ್ಕೊ. ಇದು ಎಡೇದಲ್ಲ. ಬೆಳಿಗ್ಗೇನೇ ಆಚೆ ಒಲೆ ಮೇಲೆ ಬೇರೆ ಅನ್ನ, ತಿಳಿಸಾರು ಮಾಡಿಟ್ಟಿದ್ದೆ."

ತಟ್ಟೆ ತೆಗೆದುಕೊಂಡು ಕೂತೆ. ಕಣ್ಣು ತುಂಬಿ ಬಂತು.

"ಅಳ್ಬೇಡ, ಸಾರಿಗೆ ಉಪ್ಪು ಸರಿಯಾಗೈತೆ" ಎಂದರು ಅತ್ತಿಗೆ. "ನಿನ್ನ ಹಠ ನಂಗೆ ಇಷ್ಟ ಇಲ್ಲ ಕಣೇ, ಹೇಳ್ಬಿಡ್ತೀನಿ. ಆದ್ರೆ ಪಾತ್ರೆ ತೊಳೆದವ್ಳು ಉಪವಾಸ ಹೋದ್ರೆ ಈ ಮನೆ ಸೊಸೆಗೇ ಕೆಟ್ಟ ಹೆಸ್ರು."

ಊಟವಾದ ಮೇಲೆ ಮಿಠಾಯಿ ಪೊಟ್ಟಣ ಬಿಚ್ಚಿದೆ. ಅತ್ತಿಗೆ ಒಂದು ತುಂಡು, ನಾನೊಂದು ತುಂಡು, ಬಾವಿಕಟ್ಟೆಯ ಮೇಲೆ ಕೂತು ತಿಂದೆವು. ಉಳಿದದ್ದನ್ನು ಅವರು ಸೆರಗಿನಲ್ಲಿ ಕಟ್ಟಿಕೊಂಡರು. ಹೊರಡುವಾಗ ಅಣ್ಣ ಹೊರಗೆ ಬರಲಿಲ್ಲ. ಈವರೆಗೂ ಫೋನ್ ಮಾಡಿಲ್ಲ. ದಿನಾ ಅವನ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಆದರೂ ಅಂದು ಆಡಿದ್ದನ್ನು ವಾಪಸ್ ತೆಗೆದುಕೊಳ್ಳಲಾರೆ.

ಅಂದು ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಫ್ರಿಜ್ ತೆಗೆದರೆ ಅವರೆಕಾಳು ಹಾಗೇ ಇತ್ತು. ಮೂಸಿ ನೋಡಿದೆ, ಕೆಟ್ಟಿರಲಿಲ್ಲ. ನೀರು ಬದಲಿಸಿ, ಉಳಿದರ್ಧ ಹಿಸುಕಲು ಕೂತೆ.