ಹೊಗೆಗಂಡಿಗೆ ತುರುಕಿದ ಗೋಣಿ

ಅಕ್ಕ ಚೊಚ್ಚಲ ಹೆರಿಗೆಗೆಂದು ಪಾಣೆಮಂಗಳೂರಿನ ನಮ್ಮ ಮನೆಗೆ ಬಂದಾಗ ನನಗೆ ಹತ್ತೊಂಬತ್ತು. ಅರವತ್ತರ ದಶಕದ ಆರಂಭ. ಹೆಣ್ಣು ಮಗು ಹುಟ್ಟಿತು. ಬಾಣಂತಿಗೆ ನಲವತ್ತು ದಿನದ ಬಿಸಿನೀರ ಸ್ನಾನ; ಮೀಯಿಸಲು ನೆರೆಮನೆಯ ಅಜ್ಜಿ, ಹಂಡೆಗೆ ಬೆಂಕಿ ಹಾಕಲು ನಾನು. ಒಲೆಯ ಹತ್ತಿರ ಬೇರೆ ಯಾರನ್ನೂ ಸೇರಿಸುತ್ತಿರಲಿಲ್ಲ, ಅಷ್ಟು ಜಂಬ ನನಗೆ.

ಒಲೆ ಬಚ್ಚಲಿನ ಒಳಗೇ ಇತ್ತು. ಹೊಗೆ ಹೋಗಲು ಮಾಡಿನ ಕೆಳಗೆ ಗೋಡೆಯಲ್ಲೊಂದು ಗಂಡಿ. ಹೊಗೆಗೆ ಅಕ್ಕನ ಕಣ್ಣು ಉರಿಯುತ್ತದೆಂದು ನಾನು ಕೊಳ್ಳಿಗಳನ್ನೆಲ್ಲ ಹೊರಗೆಳೆದು, ತೆಂಗಿನ ಚಿಪ್ಪಿನ ಕೆಂಡವನ್ನಷ್ಟೇ ರಾಶಿ ಉಳಿಸುತ್ತಿದ್ದೆ. ಹದಿನೇಳನೆಯ ದಿನ ಗಾಳಿ ಜೋರಾಗಿತ್ತು. ಬಾಣಂತಿಗೆ ಗಾಳಿ ಸೋಕಬಾರದು. ಹೊಗೆಯೇ ಇಲ್ಲದ ಮೇಲೆ ಹೊಗೆಗಂಡಿ ಯಾಕೆ? ಗೋಣಿ ಸುತ್ತಿ ಬಿಗಿಯಾಗಿ ತುರುಕಿದೆ. ಯಾರನ್ನೂ ಕೇಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಸ್ನಾನ ಮುಗಿಸಿ ಮಗುವನ್ನೆತ್ತಿಕೊಂಡು ಹೊರಬಂದ ಅಜ್ಜಿ, "ಯಾಕೋ ತಲೆ ಭಾರ ಆಗ್ತದೆ ಮಾರಾಯ್ತಿ" ಎಂದರು.

"ನಿಮಗೆ ಪ್ರಾಯ ಆಯ್ತಲ್ಲ ಅಜ್ಜಿ" ಎಂದು ನಾನು ನಕ್ಕೆ.

ಮೈ ಬೆವರಲೆಂದು ಬಾಣಂತಿಯನ್ನು ಸ್ವಲ್ಪ ಹೊತ್ತು ಒಳಗೇ ಕೂರಿಸಿ ಕದ ಹಾಕುವುದು ಪದ್ಧತಿ. ಅರ್ಧ ಗಂಟೆ ಬಿಟ್ಟು ಕರೆದರೆ ಅಕ್ಕ ಓಗೊಡಲಿಲ್ಲ. ಗೋಡೆಗೊರಗಿ ಕುಳಿತಿದ್ದಳು, ಕೆನ್ನೆ ಕೆಂಪಗಿತ್ತು. ನಿದ್ದೆ ಎಂದುಕೊಂಡು ಅಲುಗಾಡಿಸಿದೆ. ಉಸಿರಿರಲಿಲ್ಲ. ಹೊಗೆಯಾದರೆ ಕಣ್ಣು ಉರಿಸಿ ಎಚ್ಚರಿಸುತ್ತದೆ, ಕೆಂಡದ ವಿಷಗಾಳಿಗೆ ವಾಸನೆಯೂ ಇಲ್ಲ ಎಂದು ಡಾಕ್ಟರರು ಆಮೇಲೆ ಹೇಳಿದರು.

ಮೂಡಬಿದ್ರೆಯಿಂದ ಭಾವ ಓಡಿ ಬಂದರು. ಗೋಣಿ ಇನ್ನೂ ಗಂಡಿಯಲ್ಲೇ ಇತ್ತು.

"ಇದನ್ನು ಮುಚ್ಚಿದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ನಾನು" ಎಂದಳು. ಆಮೇಲೆ ಒಳಗೆ ಬಂದು ನನ್ನ ರಟ್ಟೆ ಹಿಡಿದು ಹೇಳಿದಳು: "ನಿನಗೆ ಮದುವೆ ಆಗ್ಲಿಕ್ಕುಂಟು. ಬಾಯಿ ಬಿಟ್ಟರೆ ನನ್ನಾಣೆ."

ಮಗಳನ್ನು ಕೊಂದವಳ ಕೈಗೆ ಮೊಮ್ಮಗಳನ್ನು ಬಿಡುವುದಿಲ್ಲವೆಂದು ಭಾವ ಮಗುವನ್ನು ಒಯ್ದರು. ಅಮ್ಮ ಎದುರಾಡಲಿಲ್ಲ. ಎರಡು ವರ್ಷದಲ್ಲಿ ನನಗೆ ಮದುವೆಯೂ ಆಯಿತು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಆಣೆಯ ಮಾತು ಬರೀ ನೆಪ, ನಾನು ಹೇಡಿ.

ಐದಾರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಾನೂ ಅಮ್ಮನೂ ಬಂಟ್ವಾಳ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಭಾವ ಮಗಳ ಕೈಹಿಡಿದು ಎದುರಿಗೇ ಬಂದರು. ಅಮ್ಮನನ್ನು ಕಂಡದ್ದೇ ಮಗಳನ್ನು ಆಚೆ ಬದಿಗೆ ಸರಿಸಿಕೊಂಡರು. "ಅದು ಯಾರು ಅಪ್ಪ?" ಎಂದು ಅವಳು ಕೇಳಿದ್ದು ನಮಗೂ ಕೇಳಿಸಿತು. ಭಾವ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಮಗು ಅಪ್ಪನ ಪಂಚೆ ಹಿಡಿದುಕೊಂಡು, ಹೆದರಿದ ಕಣ್ಣಿನಿಂದ ಅಮ್ಮನನ್ನು ತಿರುಗಿ ತಿರುಗಿ ನೋಡುತ್ತ ಹೋಯಿತು. ಪಕ್ಕದಲ್ಲೇ ನಿಂತಿದ್ದ ನನ್ನನ್ನು ಕಂಡು ಅದಕ್ಕೆ ಹೆದರಿಕೆಯೇ ಆಗಲಿಲ್ಲ.