ಹಲಗೆಯ ಆಚೆಯ ಕೆಮ್ಮು

ಮೊನ್ನೆ ಮಣಿಪಾಲದ ನನ್ನ ಫ್ಲ್ಯಾಟಿನಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆ. ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಮೀನಿನ ಸಾರು ಕಲಸಿ ಇನ್ನೇನು ತುತ್ತು ಎತ್ತಬೇಕು, ಗೋಡೆಯ ಆಚೆ ಯಾರೋ ಕೆಮ್ಮಿದರು. ನನ್ನ ಕೈ ತಟ್ಟೆಯಲ್ಲೇ ನಿಂತಿತು. ಒಣಕೆಮ್ಮಲ್ಲ, ಕಫ ಇದೆ, ವಯಸ್ಸಾದ ಗಂಡಸು, ಕುಳಿತು ಕೆಮ್ಮುತ್ತಿದ್ದಾರೆ, ಮಲಗಿಕೊಂಡಲ್ಲ. ಇಷ್ಟು ತಿಳಿಯಿತು. ಯಾರೆಂದು ಮಾತ್ರ ತಿಳಿಯಲಿಲ್ಲ. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ, ಇನ್ನು ಅವರ ಕೆಮ್ಮು ಎಲ್ಲಿ ಗೊತ್ತಿರಬೇಕು? ಆದರೂ "ಇದು ಯಾರದ್ದು?" ಎಂದು ಬಾಯಿಬಿಟ್ಟು ಕೇಳಿಬಿಟ್ಟೆ. ಉತ್ತರ ಹೇಳಲು ಎದುರಿಗೆ ಅಪ್ಪ ಇರಲಿಲ್ಲ.

ನೀವೂ ಸಣ್ಣ ಪೇಟೆಯಲ್ಲಿ ಬೆಳೆದವರಾದರೆ ಊರಿಗೆಲ್ಲ ಒಬ್ಬರೇ ಎಂಬಂಥ ಡಾಕ್ಟರು ನಿಮಗೂ ನೆನಪಿರಬೇಕು. ಕಾಪುವಿನಲ್ಲಿ ಅಂಥವರು ನನ್ನ ಅಪ್ಪ. ಹೆದ್ದಾರಿಯ ಬದಿಯಲ್ಲಿ ನಮ್ಮ ಹಂಚಿನ ಮನೆ. ಮುಂದಿನ ಅರ್ಧ ಕ್ಲಿನಿಕ್, ಹಿಂದಿನ ಅರ್ಧದಲ್ಲಿ ನಾವು. ನಡುವೆ ಗೋಡೆಯಿರಲಿಲ್ಲ, ಹಲಸಿನ ಹಲಗೆಗಳನ್ನು ಸಾಲಾಗಿ ಹೊಡೆದ ಒಂದು ಮರೆ ಇತ್ತು, ಅಷ್ಟೆ. ಹಲಗೆಯ ಆಚೆ ರೋಗಿಗಳ ಬೆಂಚು, ಈಚೆ ನಮ್ಮ ಊಟದ ಕೋಣೆ. ಸ್ಪಿರಿಟ್ಟಿನ ವಾಸನೆ ಈಚೆಗೆ ಬರುತ್ತಿತ್ತು, ಅಮ್ಮನ ಮೀನು ಸಾರಿನ ವಾಸನೆ ಆಚೆಗೆ ಹೋಗುತ್ತಿತ್ತು. "ಡಾಕ್ಟ್ರೇ, ಇವತ್ತು ಬೂತಾಯಿ ಅಲ್ವಾ?" ಎಂದು ಜ್ವರದಲ್ಲಿ ನಡುಗುತ್ತಿದ್ದವರೂ ಕೇಳುವವರೇ. ಬಾಯಿ ರುಚಿ ಇಲ್ಲ ಎಂದು ಔಷಧಕ್ಕೆ ಬಂದವರು ಹಾಗೆ ಕೇಳಿದರೆ ಅಪ್ಪನಿಗೆ ಅರ್ಧ ಗುಣವಾದ ಹಾಗೆ ಲೆಕ್ಕ.

ಆ ಹಲಗೆಯಿಂದಾಗಿ ನಮ್ಮ ಮನೆಯಲ್ಲಿ ಒಂದು ಅಭ್ಯಾಸ ಬೆಳೆದಿತ್ತು. ಊಟಕ್ಕೆ ಕುಳಿತಾಗ ಆಚೆಯಿಂದ ಕೆಮ್ಮು ಕೇಳಿದರೆ ಅದು ಯಾರದ್ದೆಂದು ಹೇಳಬೇಕು. ನಾನೂ ತಮ್ಮನೂ ಪೈಪೋಟಿ ಮೇಲೆ ಹೇಳುತ್ತಿದ್ದೆವು, ಅಪ್ಪ ತೀರ್ಪು ಕೊಡುತ್ತಿದ್ದರು. ಮೀನು ಮಾರುವ ಸುಶೀಲಕ್ಕನದು ಸುಲಭ. ಕೆಮ್ಮಿ ಮುಗಿಸಿದ ಮೇಲೆ ಆ ಕೆಮ್ಮಿಗೇ ಒಂದು ಬೈಗಳು ಹಾಕುತ್ತಿದ್ದಳು. ಗದಗದ ಕಡೆಯಿಂದ ಬಂದು ಕಾರ್ಕಳದ ಕಲ್ಲುಕೋರೆಯಲ್ಲಿ ದುಡಿಯುತ್ತಿದ್ದ ಯಲ್ಲಪ್ಪನದು ಉದ್ದನೆಯ ಕೆಮ್ಮು, ಕಲ್ಲಿನ ಧೂಳೆಲ್ಲ ಅದರಲ್ಲಿತ್ತು. ರಜೆಯ ದಿನ ಬಸ್ಸು ಹಿಡಿದು ಬರುತ್ತಿದ್ದ. ಎಷ್ಟು ದಿನದಿಂದ ಎಂದು ಅಪ್ಪ ಕೇಳಿದರೆ "ಮೊನ್ನಿಯಿಂದ ಅಷ್ಟ ರೀ" ಎನ್ನುತ್ತಿದ್ದ. "ಸುಳ್ಳು ಹೇಳಬೇಡ ಮಾರಾಯ. ಎಲ್ಲರಿಗೂ ಮೊನ್ನೆಯೇ ಸುರುವಾಗುವುದಾ?" ಎಂದು ಅಪ್ಪ ರೇಗುವುದು ಹಲಗೆಯ ಈಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಆಟ ನಮಗೆ ಖುಷಿಯೇ. ಆದರೆ ಅದು ಮುಗಿಯುತ್ತಿದ್ದ ರೀತಿ ನನಗೆ ಸೇರುತ್ತಿರಲಿಲ್ಲ. ಕೆಮ್ಮು ಯಾರದ್ದೆಂದು ಗೊತ್ತಾದ ಕೂಡಲೇ ಅಪ್ಪ ಕೈ ತೊಳೆದು ಎದ್ದುಬಿಡುತ್ತಿದ್ದರು. "ಊಟ ಮುಗಿಸಿಯಾದರೂ ಹೋಗಿ ಮಾರಾಯ್ರೆ, ಅವರೇನು ಓಡಿ ಹೋಗುವುದಿಲ್ಲ" ಎಂದು ಅಮ್ಮ ಹೇಳುತ್ತಲೇ ಇರುತ್ತಿದ್ದಳು. ಅಪ್ಪ ಅಷ್ಟರಲ್ಲಿ ಹಲಗೆಯ ನಡುವಿನ ಬಾಗಿಲಿನ ಪರದೆ ಸರಿಸಿ ಆಚೆ ಹೋಗಿಯಾಗಿರುತ್ತಿತ್ತು. ಅಮ್ಮ ಅವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ ಇಡುತ್ತಿದ್ದಳು. ನಾನು ಆ ಕವುಚಿದ ತಟ್ಟೆಯನ್ನು ನೋಡುತ್ತಾ ಉಣ್ಣುತ್ತಿದ್ದೆ. ಅಪ್ಪ ನಮ್ಮ ಜೊತೆ ಕುಳಿತು, ಮಟ್ಟುಗುಳ್ಳ ಬದನೆಯ ಪಲ್ಯದಿಂದ ಹಿಡಿದು ಕೊನೆಯ ಮಜ್ಜಿಗೆಯವರೆಗೆ ಒಂದು ಊಟವನ್ನು ಪೂರ್ತಿ ಮಾಡಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಊರಿಗೆಲ್ಲ ಸಿಗುವ ಅಪ್ಪ ನನಗೂ ಸ್ವಲ್ಪ ಸಿಗಬೇಕಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲದ ಆರಂಭದಲ್ಲಿ ಹಲಗೆಯ ಆಚೆ ಹೊಸ ಕೆಮ್ಮೊಂದು ಕೇಳತೊಡಗಿತು. ಚಿಕ್ಕದು, ತಡೆತಡೆದು ಬರುವಂಥದ್ದು, ಕೆಮ್ಮುವವರಿಗೇ ನಾಚಿಕೆ ಇದ್ದ ಹಾಗೆ. ನಾವು ಊಟಕ್ಕೆ ಅಪ್ಪನನ್ನು ಕಾಯುತ್ತಿರುವಾಗಲೇ ಅದು ಕೇಳುತ್ತಿತ್ತು. ಅಪ್ಪ ಈಚೆ ಬಂದ ಮೇಲೆ ಕೇಳುತ್ತಿರಲಿಲ್ಲ. ಯಾರೋ ಹೊಸಬರು ಎಂದುಕೊಂಡೆವು. ಉಚ್ಚಿಲದ ಕಡೆಯವರಿರಬೇಕು ಎಂದ ತಮ್ಮ. ಅಂದಿನಿಂದ ಅದಕ್ಕೆ ಉಚ್ಚಿಲದವರ ಕೆಮ್ಮು ಎಂದೇ ಹೆಸರಾಯಿತು. ಮಧ್ಯಾಹ್ನ ಊಟಕ್ಕೆ ಶಾಲೆಯಿಂದ ಬಂದರೆ "ಉಚ್ಚಿಲದವರು ಇವತ್ತೂ ಬಂದಿದ್ದರು" ಎಂದು ಅಮ್ಮ ವರದಿ ಒಪ್ಪಿಸುತ್ತಿದ್ದಳು. ಜಡಿಮಳೆಯ ಆಟಿ ತಿಂಗಳು ಬರುವಷ್ಟರಲ್ಲಿ ಅವಳ ಮುಖದಲ್ಲಿ ನಗು ಇರಲಿಲ್ಲ. "ಆ ಜನಕ್ಕೆ ಇವರ ಔಷಧ ತಾಗುವುದಿಲ್ಲ. ಮಣಿಪಾಲಕ್ಕೆ ಕಳಿಸಬಾರದಾ?" ಎನ್ನುತ್ತಿದ್ದಳು. ಅದನ್ನೇ ಅಪ್ಪನಿಗೂ ಒಮ್ಮೆ ಹೇಳಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತದೆ "ಕಳಿಸುವ" ಎಂದರು.

ಒಂದು ಭಾನುವಾರ ಮಧ್ಯಾಹ್ನ ಜೋರು ಮಳೆ. ಎಲ್ಲರೂ ಹೋಗಿಯಾದ ಮೇಲೂ ಅಪ್ಪ ಊಟಕ್ಕೆ ಬರಲಿಲ್ಲ, ಆಚೆ ಉಚ್ಚಿಲದವರು ಕೆಮ್ಮುತ್ತಲೇ ಇದ್ದರು. ಇವತ್ತಾದರೂ ಅವರ ಮುಖ ನೋಡುವ ಎಂದು ನಾನು ಪರದೆ ಸರಿಸಿದೆ. ಬೆಂಚು ಖಾಲಿ. ಮೇಜಿನ ಹಿಂದೆ ಅಪ್ಪ ಒಬ್ಬರೇ, ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೆತಾಸ್ಕೋಪನ್ನು ತಮ್ಮದೇ ಎದೆಗೆ ಒತ್ತಿಕೊಂಡು ಕೆಮ್ಮುತ್ತಿದ್ದರು. ನನ್ನನ್ನು ಕಂಡು ಬೆರಳು ತುಟಿಗಿಟ್ಟರು. "ಅಮ್ಮನಿಗೆ ಹೇಳಬೇಡ" ಎಂದರು. ನಾನು ನಿಂತಲ್ಲಿಂದಲೇ ಕೂಗಿ ಹೇಳಿದೆ.

ಊರಿನ ಕೆಮ್ಮುಗಳೆಲ್ಲ ನಮಗೆ ಗೊತ್ತಿದ್ದವು, ಅಪ್ಪನದು ಮಾತ್ರ ಗೊತ್ತಿರಲಿಲ್ಲ. ಅವರು ನಮ್ಮೆದುರು ಎಂದೂ ಕೆಮ್ಮಿದವರೇ ಅಲ್ಲವಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಅವರು ಮೇಜಿನ ಈ ಕಡೆಯ, ರೋಗಿಯ ಕುರ್ಚಿಯಲ್ಲಿ ಕುಳಿತರು. ಎಷ್ಟು ಸಮಯದಿಂದ ಎಂದು ಅಲ್ಲಿಯ ಡಾಕ್ಟರು ಕೇಳಿದಾಗ ಅಪ್ಪ, ನನ್ನ ಅಪ್ಪ, "ಸ್ವಲ್ಪ ದಿನ ಆಯಿತಷ್ಟೆ" ಎಂದರು. "ಸುಳ್ಳು, ಡಾಕ್ಟ್ರೇ" ಎಂದಳು ಅಮ್ಮ. ಮೊದಲ ಮಳೆಯ ವಾರ ಸುರುವಾದದ್ದು, ಆಟಿ ಕಳೆದು ಸೋಣೆ ತಿಂಗಳ ಹೊತ್ತಿಗೆ ಕಫ ಬಂದದ್ದು, ಇತ್ತೀಚೆಗೆ ಒಮ್ಮೆ ಹಿಡಿದರೆ ನಿಲ್ಲದಂತಾದದ್ದು, ಎಲ್ಲವನ್ನೂ ಹೇಳಿದಳು. ಉಚ್ಚಿಲದವರ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಹೇಳಿ ಮುಗಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಶ್ವಾಸಕೋಶದಲ್ಲಿ ಗಂಟು ಇತ್ತು, ಬಹಳ ಬೆಳೆದಿತ್ತು.

ಕ್ಲಿನಿಕ್ಕಿನ ಬಾಗಿಲು ಮುಚ್ಚಿತು. ಅಪ್ಪ ದಿನವೂ ಮಧ್ಯಾಹ್ನ ನಮ್ಮ ಜೊತೆ ಕುಳಿತು ಮಜ್ಜಿಗೆಯವರೆಗೂ ಉಂಡರು. ಹಲಗೆಯ ಆಚೆಯಿಂದ ಸದ್ದೇ ಇರಲಿಲ್ಲ. ಜನ ಬರುತ್ತಿರಲಿಲ್ಲ ಎಂದಲ್ಲ, ನೋಡಿಕೊಂಡು ಹೋಗಲು ಬರುತ್ತಲೇ ಇದ್ದರು. ಆದರೆ ಸುಶೀಲಕ್ಕ ರಸ್ತೆಯಲ್ಲೇ ನಿಂತು ಕೆಮ್ಮಿ, ಬೈದು ಮುಗಿಸಿ, ತುಟಿ ಬಿಗಿ ಹಿಡಿದು ಒಳಗೆ ಬರುತ್ತಿದ್ದಳು. "ಡಾಕ್ಟ್ರಿಗೆ ಕೇಳಿದರೆ ಎದ್ದು ಬರ್ತಾರೆ, ಅವರು ಉಣ್ಣಲಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಊರಿಗೆ ಊರೇ ನಮ್ಮ ಅಂಗಳದಲ್ಲಿ ಕೆಮ್ಮು ನುಂಗಿಕೊಂಡು ಓಡಾಡಿತು. ನಾನು ಬಯಸಿದ ಊಟ ನನಗೆ ಸಿಕ್ಕಿತ್ತು. ಉಣ್ಣುವಾಗಲೆಲ್ಲ ನನ್ನ ಕಿವಿ ಹಲಗೆಯ ಆಚೆಗೇ ಇರುತ್ತಿತ್ತು.

ಒಂದು ಮಧ್ಯಾಹ್ನ ಯಲ್ಲಪ್ಪ ಬಂದು ಹೊರಗಿನ ಜಗಲಿಯಲ್ಲಿ ಕುಳಿತಿದ್ದ. ಬಾಯಿಗೆ ಟವೆಲು ಒತ್ತಿ ಹಿಡಿದಿದ್ದನಂತೆ. ಕಲ್ಲಿನ ಧೂಳು ಕೇಳಬೇಕಲ್ಲ, ಕೊನೆಗೆ ಒಂದು ಕೆಮ್ಮು ತಪ್ಪಿಸಿಕೊಂಡು ಹಲಗೆ ದಾಟಿ ಬಂತು. ಅಪ್ಪನ ಬೆರಳುಗಳು ಅನ್ನದಲ್ಲೇ ನಿಂತವು. ಯಾರದ್ದೆಂದು ನಮಗೆಲ್ಲ ಗೊತ್ತಿತ್ತು, ಯಾರೂ ಹೇಳಲಿಲ್ಲ. ಅಪ್ಪ ಅಮ್ಮನ ಮುಖ ನೋಡಿ ಮತ್ತೆ ಅನ್ನ ಕಲಸತೊಡಗಿದರು. ಆಗ ಅಮ್ಮ ಎದ್ದು ಚೊಂಬಿನಲ್ಲಿ ನೀರು ತಂದು ಅವರ ಕೈಯ ಮೇಲೆ ಹೊಯ್ದಳು. "ಹೋಗಿ ನೋಡಿ ಬನ್ನಿ" ಎಂದಳು. "ಊಟ ನಾನು ಮುಚ್ಚಿಡ್ತೇನೆ." ಅಪ್ಪ ಗೋಡೆ ಹಿಡಿದುಕೊಂಡು ಆಚೆ ನಡೆದರು. "ಎಷ್ಟು ದಿನದಿಂದ ಯಲ್ಲಪ್ಪ?" ಎಂಬ ಅವರ ದನಿ ಕೇಳಿತು. ಅಮ್ಮ ತಟ್ಟೆ ಕವುಚಿ ಅದರ ಪಕ್ಕದಲ್ಲೇ ಕುಳಿತಳು.

ಮುಂದಿನ ಮಳೆಗಾಲವನ್ನು ಅಪ್ಪ ನೋಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಹೆದ್ದಾರಿ ಅಗಲವಾಗಿ ಕ್ಲಿನಿಕ್ ಇದ್ದ ಅರ್ಧ ರಸ್ತೆಯ ಪಾಲಾಯಿತು, ಉಳಿದರ್ಧವನ್ನು ನಾವೇ ಬಿಟ್ಟೆವು. ಅಮ್ಮ ಈಗಿಲ್ಲ. ಉಡುಪಿಯಿಂದ ಆ ಕಡೆ ಹೋಗುವಾಗ ಬಸ್ಸು ಅಪ್ಪನ ಕುರ್ಚಿ ಇದ್ದ ಜಾಗದ ಮೇಲೆಯೇ ಓಡುತ್ತದೆ.

ಮೊನ್ನೆ ಆ ಊಟದ ನಡುವೆ ಗೋಡೆಯ ಆಚೆ ಮತ್ತೆ ಕೆಮ್ಮು ಕೇಳಿತು. ನಾನು ಕೈ ತೊಳೆದು, ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ, ಪಕ್ಕದ ಮನೆಯ ಬೆಲ್ ಒತ್ತಿದೆ. ನಾನು ಡಾಕ್ಟರಲ್ಲ, ಬ್ಯಾಂಕಿನಲ್ಲಿ ಕೆಲಸ. ಬಾಗಿಲು ತೆರೆದ ಹಿರಿಯರಿಗೆ ಎಂತ ಹೇಳುವುದೆಂದು ತಿಳಿಯದೆ, "ಎಷ್ಟು ದಿನದಿಂದ ಉಂಟು ಈ ಕೆಮ್ಮು?" ಎಂದು ಕೇಳಿದೆ. ಅವರು ಗಾಬರಿಯಿಂದ ನನ್ನನ್ನೇ ನೋಡಿದರು.

"ಮೊನ್ನೆಯಿಂದ ಅಷ್ಟೆ" ಎಂದರು.

ಅದನ್ನು ಕೇಳಿದ್ದೇ ನನಗೆ ಅಪ್ಪ ಬೇಕೆನಿಸಿತು, ಈ ವಯಸ್ಸಿನಲ್ಲೂ, ಅಳು ಬರುವಷ್ಟು.